ರಾತ್ರಿ ಪಾಳಿಯ ಮಗಳು

2025ರ ಮೇ 7ರ ಬೆಳಿಗ್ಗೆ ಅಂಗಳದ ಕಸ ಹೊಡೆಯುತ್ತಿದ್ದೆ. ತಮ್ಮನ ಫೋನ್ ಬಂತು. "ಅಕ್ಕಾ, ಟಿವಿ ಹಚ್ಚಿದೇನು? ರಾತ್ರಿ ನಮ್ಮೋರು ಆ ಕಡೆ ಹೊಡದಾರಂತ. ಯುದ್ಧ ಆಗೂದು ಗ್ಯಾರಂಟಿ. ಮೊದಲು ಹುಡುಗೀನ ಬೆಂಗಳೂರಿಂದ ಕರ್ಕೊಂಡು ಬಾ."

ಹುಡುಗಿ ಅಂದರೆ ನನ್ನ ಮಗಳು. ಐಟಿಐನಲ್ಲಿ ಫಿಟ್ಟರ್ ಕಲಿತು, ಎರಡು ವರ್ಷದಿಂದ ಬೆಂಗಳೂರಿನ ಹೊರವಲಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆ. ಸನ್ನತಿಯಂಥ ಊರಿಂದ ಹೆಣ್ಣು ಹುಡುಗಿ ಫಿಟ್ಟರ್ ಕೆಲಸಕ್ಕೆ ಹೋದಾಗಲೇ ನಮ್ಮ ಬಳಗದಲ್ಲಿ ಸಾಕಷ್ಟು ಮಾತಾಗಿತ್ತು. ನರ್ಸ್ ಆಗಬಹುದಿತ್ತು, ನನ್ನ ಹಾಗೆ ಟೀಚರ್ ಆಗಬಹುದಿತ್ತು, ಇದೆಂಥಾ ಕಬ್ಬಿಣದ ಕೆಲಸ ಅಂತ. ಈಗ ಯುದ್ಧದ ಸುದ್ದಿ ಬಂದದ್ದೇ ಎಲ್ಲರ ಬಾಯಿಗೂ ಬಲ ಬಂತು. ಮಧ್ಯಾಹ್ನದೊಳಗೆ ನಾಲ್ಕು ಫೋನ್. "ವೈರಿ ಮೊದಲು ವಿಮಾನದ ಕಾರ್ಖಾನಿ ಮ್ಯಾಲೇ ಬಾಂಬ್ ಹಾಕ್ತಾನ" ಅಂತ ಒಬ್ಬರು. "ಹೆಂಗೂ ಬರ್ತಾಳಲ್ಲ, ಆ ಆಳಂದದ ಸಂಬಂಧನೂ ಒಮ್ಮೆ ನೋಡಿ ಮುಗಿಸಿಬಿಡ್ರಿ" ಅಂತ ಇನ್ನೊಬ್ಬರು.

ಸಂಜೆ ಬೆಂಗಳೂರಿನಲ್ಲಿ ಸೈರನ್ ಊದಿ ತಾಲೀಮು ಮಾಡಿದ್ದನ್ನು ಟಿವಿಯಲ್ಲಿ ನೋಡಿ ನನ್ನ ಎದೆಯೂ ಹೊಡೆದುಕೊಂಡಿತು. ಮಗಳಿಗೆ ಫೋನ್ ಮಾಡಿದೆ. ಅವಳು ರಾತ್ರಿ ಪಾಳಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ನನ್ನ ಮಾತು ಕೇಳಿ ನಕ್ಕಳು.

"ಅವ್ವಾ, ನಾವು ಮಾಡೋದು ಮಂದಿ ಕುಂತು ಹೋಗೋ ವಿಮಾನದ ಬಾಗಿಲು. ಬಾಗಿಲಿಗೆ ಯಾರು ಬಾಂಬ್ ಹಾಕ್ತಾರ?"

ನನಗೆ ನಗು ಬರಲಿಲ್ಲ. "ಅದೆಲ್ಲ ನನಗ ಗೊತ್ತಿಲ್ಲ, ನೀ ಮೊದಲು ರಜೆ ಹಾಕಿ ಬಾ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಬರ್ಲಿಕ್ಕೆ ಬರ್ತೀನವ್ವ. ಆದ್ರ ಯುದ್ಧ ಮುಗಿದ ಮ್ಯಾಲ ವಾಪಸ್ ಕಳಸ್ತೀಯೇನು?"

ಗೆಳತಿಯರೇ, ಆ ಪ್ರಶ್ನೆಗೆ ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಯಾಕೆಂದರೆ ಕಳಿಸುವುದಿಲ್ಲ ಅಂತ ಮನಸ್ಸಿನ ಮೂಲೆಯಲ್ಲಿ ನಾನೇ ಆಗಲೇ ನಿರ್ಧಾರ ಮಾಡಿಬಿಟ್ಟಿದ್ದೆ.

ಮೇ 10ಕ್ಕೆ ಕದನ ನಿಂತಿತು. ನಮ್ಮ ಬಳಗದ ಒತ್ತಾಯ ನಿಲ್ಲಲಿಲ್ಲ. ಶಾಲೆಗೆ ಬೇಸಿಗೆ ರಜೆ ಇತ್ತು. ಎರಡು ಕಟ್ಟು ಕಟಿ ರೊಟ್ಟಿ, ಒಂದು ಡಬ್ಬಿ ಶೇಂಗಾದ ಹಿಂಡಿ ಕಟ್ಟಿಕೊಂಡು ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಹುಡುಗಿಯನ್ನು ಎದುರು ಕೂರಿಸಿಕೊಂಡು ಮಾತಾಡಿ ಕರೆದುಕೊಂಡೇ ಬರಬೇಕು ಅಂತ.

ಅವಳ ಪಿಜಿ ಕೋಣೆಯಲ್ಲಿ ನಾಲ್ಕು ಹುಡುಗಿಯರು. ನಾಲ್ವರೂ ಅದೇ ಕಾರ್ಖಾನೆಯವರು. ರೊಟ್ಟಿ ತಿನ್ನುತ್ತಾ ಕುಳಿತಾಗ ನಾನು ಕೇಳಿದೆ, ನೀವು ಅಲ್ಲಿ ನಿಜವಾಗಿ ಮಾಡುವುದೇನು ಅಂತ. ಎರಡು ವರ್ಷದಲ್ಲಿ ಒಮ್ಮೆಯೂ ನಾನು ಅದನ್ನು ಸರಿಯಾಗಿ ಕೇಳಿರಲಿಲ್ಲ. ಪಗಾರ ಎಷ್ಟು, ಊಟ ಹೆಂಗ, ರಾತ್ರಿ ಗಾಡಿ ಬಾಗಿಲತನಕ ಬರ್ತದೋ ಇಲ್ಲೋ, ಅಷ್ಟೇ ನನ್ನ ವಿಚಾರಣೆ.

ಮಗಳು ಊಟದ ತಾಟನ್ನೇ ಅಡ್ಡ ಹಿಡಿದು ತೋರಿಸಿದಳು. ತೆಳು ಅಲ್ಯೂಮಿನಿಯಂ ತಗಡುಗಳನ್ನು ಒಂದರ ಮೇಲೊಂದು ಇಟ್ಟು ತೂತು ಕೊರೆದು, ಅದರೊಳಗೆ ರಿವೆಟ್ ತೂರಿಸುತ್ತಾರೆ. ಈ ಕಡೆಯಿಂದ ಒಬ್ಬಳು ಗಾಳಿಯ ಒತ್ತಡದ ಗನ್ನಿನಿಂದ ಬಡಿಯುತ್ತಾಳೆ. ಆ ಕಡೆಯಿಂದ ಇನ್ನೊಬ್ಬಳು ರಿವೆಟ್ಟಿನ ತುದಿಗೆ ಕಬ್ಬಿಣದ ತುಂಡು ಒತ್ತಿ ಹಿಡಿಯುತ್ತಾಳೆ. ಬಡಿತಕ್ಕೆ ತುದಿ ಅಗಲವಾಗಿ ತಗಡು ಬಿಗಿಯುತ್ತದೆ. ಹಿಡಿದವಳ ಕೈ ಒಂಚೂರು ಓರೆಯಾದರೆ ರಿವೆಟ್ ಸೊಟ್ಟ. ಮತ್ತೆ ಕೊರೆದು ತೆಗೆಯಬೇಕು. ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಒಮ್ಮೆ ತಟ್ಟಿದರೆ ಸರಿ ಆಯ್ತು, ಎರಡು ಸಲ ತಟ್ಟಿದರೆ ಇನ್ನಷ್ಟು ಬಡಿ. "ಕಣ್ಣಿಗೆ ಕಾಣಲ್ಲವ್ವ ಆಕಿ, ತಗಡಿನ ಆ ಕಡೆ ಇರ್ತಾಳ. ಕೈ ಮ್ಯಾಲೇ ಭರೋಸ" ಅಂದಳು. ಬಡಿಯುವವಳು ಇವಳು, ಹಿಡಿಯುವವಳು ಪಕ್ಕದಲ್ಲೇ ರೊಟ್ಟಿ ಮುರಿಯುತ್ತಿದ್ದ ಹಾವೇರಿಯ ಹುಡುಗಿ.

ಭಾನುವಾರ ನಾಲ್ವರೂ ಸೇರಿ ನನ್ನನ್ನು ಎಚ್‌ಎಎಲ್‌ನ ವಿಮಾನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಬೆಂಗಳೂರಿಗೆ ವಿಮಾನದ ಕೆಲಸ ಬಂದದ್ದೇ ಯುದ್ಧದಿಂದ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1940ರ ಡಿಸೆಂಬರ್ 23ರಂದು, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಮರುವರ್ಷವೇ ಅಲ್ಲಿ ಜೋಡಿಸಿದ ತರಬೇತಿ ವಿಮಾನ ಹಾರಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಗಿ ದೊಡ್ಡ ರಿಪೇರಿ ಕೇಂದ್ರವಾಯಿತು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ರಿಪೇರಿಗೆ ಬರುತ್ತಿದ್ದವು. ಈಗ ನೊರೆಗೆ ಹೆಸರಾದ ಅದೇ ಬೆಳ್ಳಂದೂರು.

ಅಲ್ಲಿಂದ ಬಂದ ಮೇಲೆ ನನಗೆ ಓದುವ ಹುಚ್ಚು ಹಿಡಿಯಿತು. ಯುದ್ಧಕಾಲದಲ್ಲಿ ವಿಮಾನ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದುತ್ತಾ ಹೋದಂತೆ ದಾರಿ ಸುತ್ತಿ ನಮ್ಮೂರಿಗೇ ಬಂತು ಅಂದರೆ ನಂಬುತ್ತೀರಾ?

ಸನ್ನತಿ, ಚಿತ್ತಾಪುರ, ಸೇಡಂ ಎಲ್ಲ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರಿಗೆ ಯುದ್ಧವಿಮಾನಕ್ಕೆ ಹಣ ಕೊಟ್ಟವರು. ಅದರ ನೆನಪಿಗೆ ಬ್ರಿಟನ್ನಿನ ವಾಯುಪಡೆಯ 152ನೇ ಸ್ಕ್ವಾಡ್ರನ್‌ಗೆ ಹೈದರಾಬಾದ್ ಅಂತಲೇ ಹೆಸರಿತ್ತು. ಅದರ ಲಾಂಛನದಲ್ಲಿ ನಿಜಾಮರ ಶಿರಸ್ತ್ರಾಣವಿತ್ತು. ಆ ಬೊಕ್ಕಸ ತುಂಬಿದ್ದು ನಮ್ಮಂಥ ಊರುಗಳ ಜೋಳ, ತೊಗರಿ, ಹತ್ತಿ ಬೆಳೆದವರ ದುಡಿಮೆಯಿಂದಲೂ ಹೌದಲ್ಲವೇ?

ಆ ಸ್ಕ್ವಾಡ್ರನ್ 1940ರಲ್ಲಿ ಹಾರಿಸುತ್ತಿದ್ದದ್ದು ಸ್ಪಿಟ್‌ಫೈರ್. ಅದರೊಳಗೆ ಮರ್ಲಿನ್ ಎಂಜಿನ್. ಒಳ್ಳೆಯ ಎಂಜಿನ್ನೇ, ಆದರೆ ಒಂದು ದೋಷವಿತ್ತು. ವಿಮಾನದ ಮೂತಿಯನ್ನು ತಟ್ಟನೆ ಕೆಳಕ್ಕೆ ತಿರುಗಿಸಿದರೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ ನುಗ್ಗಿ ಉಸಿರು ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಜರ್ಮನ್ನರ ವಿಮಾನಕ್ಕೆ ಆ ತೊಂದರೆ ಇರಲಿಲ್ಲ. ಅವರು ಕೆಳಕ್ಕೆ ಧುಮುಕಿ ತಪ್ಪಿಸಿಕೊಳ್ಳುತ್ತಿದ್ದರು. ಇದಕ್ಕೆ ಪರಿಹಾರ ಕಂಡುಹಿಡಿದವರು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್. ಮೋಟಾರ್ ಸೈಕಲ್ ರೇಸಿನಲ್ಲಿ ಗಂಡಸರನ್ನು ಹಿಂದೆ ಹಾಕಿದಾಕೆ. ನಡುವೆ ತೂತಿರುವ ಒಂದು ಸಣ್ಣ ಲೋಹದ ಬಿಲ್ಲೆ, ನಮ್ಮ ನಲ್ಲಿಗೆ ಹಾಕುವ ವಾಷರ್‌ನ ಹಾಗೆ. ಪೆಟ್ರೋಲ್ ಬೇಕಾದಷ್ಟೇ ಹೋಗಬೇಕು, ಹೆಚ್ಚು ಹೋಗಬಾರದು, ಅಷ್ಟೇ ಅದರ ಕೆಲಸ. 1941ರ ಮೊದಲ ತಿಂಗಳುಗಳಲ್ಲಿ ಆಕೆ ತನ್ನ ಪುಟ್ಟ ತಂಡ ಕಟ್ಟಿಕೊಂಡು ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ಅದನ್ನು ಅಳವಡಿಸಿಸಿದರು.

ಅದೇ ಮರ್ಲಿನ್ ಎಂಜಿನ್ ತಯಾರಿಸುತ್ತಿದ್ದ ಕಾರ್ಖಾನೆಗಳಲ್ಲಿ ಒಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಹತ್ತಿರದ ಹಿಲಿಂಗ್ಟನ್‌ನಲ್ಲಿತ್ತು. ಗಂಡಸರು ಯುದ್ಧಕ್ಕೆ ಹೋದ ಮೇಲೆ ಯಂತ್ರದ ಮುಂದೆ ಸಾವಿರಾರು ಹೆಂಗಸರು ನಿಂತರು. ಅದೇ ಯಂತ್ರ, ಅದೇ ಕೆಲಸ, ಕೂಲಿ ಮಾತ್ರ ಕಡಿಮೆ. 1943ರ ಕೊನೆಯಲ್ಲಿ ಅವರು ಕೆಲಸ ನಿಲ್ಲಿಸಿ ಹೊರಗೆ ಬಂದರು. ಯುದ್ಧದ ನಡುವೆ ಮುಷ್ಕರವೇ, ದೇಶದ್ರೋಹವಲ್ಲವೇ ಅಂತ ಬೈಸಿಕೊಂಡರು. ಆದರೂ ಹಿಂದೆ ಸರಿಯಲಿಲ್ಲ. ಕೊನೆಗೆ ಕೆಲಸ ಮಾಡುವವರು ಯಾರು ಎಂದಲ್ಲ, ಯಾವ ಯಂತ್ರದ ಮೇಲೆ ಎಂಥ ಕೆಲಸ ಎಂದು ನೋಡಿ ಕೂಲಿ ನಿಗದಿ ಮಾಡುವ ಒಪ್ಪಂದವಾಯಿತು.

ಕೆನಡಾದಲ್ಲಿ ಎಲ್ಸಿ ಮ್ಯಾಕ್‌ಗಿಲ್ ಇದ್ದರು. ಪೋಲಿಯೊ ಬಂದು ಕೋಲು ಹಿಡಿದು ನಡೆಯುತ್ತಿದ್ದ ಎಂಜಿನಿಯರ್. ಫೋರ್ಟ್ ವಿಲಿಯಂ ಎಂಬ ಊರಿನ ರೈಲು ಬೋಗಿಯ ಕಾರ್ಖಾನೆಯೊಂದು ಹರಿಕೇನ್ ಯುದ್ಧವಿಮಾನ ತಯಾರಿಸುವುದಕ್ಕೆ ಇಳಿದಾಗ ಅದರ ಮುಖ್ಯ ಎಂಜಿನಿಯರ್ ಆಗಿದ್ದವರು ಇವರೇ. 1943ರ ಹೊತ್ತಿಗೆ ಅಲ್ಲಿಂದ 1,400ಕ್ಕೂ ಹೆಚ್ಚು ಹರಿಕೇನ್‌ಗಳು ಹೊರಬಂದವು. ಸುಮಾರು 4,500 ಕೆಲಸಗಾರರಲ್ಲಿ ಅರ್ಧದಷ್ಟು ಹೆಂಗಸರು. ಅಮೆರಿಕದ ಮಿಷಿಗನ್‌ನ ವಿಲ್ಲೋ ರನ್ ಕಾರ್ಖಾನೆಯಲ್ಲಂತೂ 1944ರಲ್ಲಿ ಹೆಚ್ಚುಕಡಿಮೆ ಗಂಟೆಗೊಂದರಂತೆ ದೊಡ್ಡ ಬಾಂಬರ್ ವಿಮಾನ ತಯಾರಾಗುತ್ತಿತ್ತು. ಒಂದೊಂದಕ್ಕೆ ಮೂರು ಲಕ್ಷಕ್ಕೂ ಹೆಚ್ಚು ರಿವೆಟ್! ಅಲ್ಲಿನ ಕೆಲಸಗಾರರಲ್ಲಿ ಮೂರರಲ್ಲಿ ಒಬ್ಬರು ಹೆಂಗಸರು. ಒಬ್ಬಳು ಬಡಿಯುವವಳು, ಒಬ್ಬಳು ಹಿಡಿಯುವವಳು, ನಮ್ಮ ಪಿಜಿ ಹುಡುಗಿಯರ ಹಾಗೆಯೇ ಜೋಡಿ.

ಮಹಿಳಾ ದಿನಾಚರಣೆಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಬರುತ್ತದಲ್ಲ, ತಲೆಗೆ ಬಿಳಿ ಚುಕ್ಕೆಯ ಕೆಂಪು ಬಟ್ಟೆ ಕಟ್ಟಿ ತೋಳು ಮಡಚಿ ತೋರಿಸುವ ಹೆಂಗಸು? ಅದು 1943ರಲ್ಲಿ ಅಮೆರಿಕದ ಒಂದು ಕಂಪನಿಯ ಕಾರ್ಖಾನೆಗಳಲ್ಲಿ ಎರಡು ವಾರ ಗೋಡೆಗೆ ಹಚ್ಚಿದ್ದ ಚಿತ್ರ. ಲೋಕಪ್ರಸಿದ್ಧವಾದದ್ದು ದಶಕಗಳ ನಂತರ.

ಆದರೆ ನನ್ನನ್ನು ಕೂರಗೊಡದಿದ್ದ ಸಂಗತಿ ಬೇರೆ. ಅಮೆರಿಕದ ಕಾರ್ಮಿಕ ಇಲಾಖೆಯ ಮಹಿಳಾ ವಿಭಾಗ ಯುದ್ಧದ ಕೊನೆಯ ಹೊತ್ತಿಗೆ ದುಡಿಯುವ ಹೆಂಗಸರನ್ನು ಕೇಳಿತ್ತು, ಮುಂದೆಯೂ ಕೆಲಸ ಮಾಡುತ್ತೀರಾ ಅಂತ. ನಾಲ್ಕರಲ್ಲಿ ಮೂವರು ಮಾಡುತ್ತೇವೆ ಅಂದಿದ್ದರು. 1945ರಲ್ಲಿ ಯುದ್ಧ ಮುಗಿಯಿತು. ಆರ್ಡರ್‌ಗಳು ರದ್ದಾದವು, ಸೈನಿಕರು ಮನೆಗೆ ಬಂದರು, ವಿಮಾನ ಕಾರ್ಖಾನೆಗಳ ಹೆಂಗಸರನ್ನು ಲಕ್ಷಗಟ್ಟಲೆ ಮನೆಗೆ ಕಳಿಸಿದರು. ಧನ್ಯವಾದ ಅಂದರು, ಇನ್ನು ಅಡುಗೆಮನೆ ನೋಡಿಕೊಳ್ಳಿ ಅಂದರು. ಕೈಗೆ ಬಂದ ವಿದ್ಯೆ ಏನಾಗಬೇಕು ಅಂತ ಯಾರೂ ಕೇಳಲಿಲ್ಲ.

ನಾನು ಮಗಳಿಗೆ ಮಾಡಹೊರಟದ್ದು ಇದನ್ನೇ ಅಲ್ಲವೇ? ಅಲ್ಲಿ ಯುದ್ಧ ಮುಗಿಯಿತು ಅಂತ ಮನೆಗೆ ಕರೆದರು. ನಾವು ಯುದ್ಧ ಶುರುವಾಯಿತು ಅಂತ ಕರೆಯುತ್ತಿದ್ದೇವೆ. ನೆಪ ಉಲ್ಟಾ, ದಾರಿ ಒಂದೇ.

ಮಗಳನ್ನು ಬಿಟ್ಟು ಒಬ್ಬಳೇ ಊರಿಗೆ ಬಂದೆ. ಮನೆಯಲ್ಲಿ ನನ್ನವ್ವ ಇದ್ದಾಳೆ, ಎಪ್ಪತ್ತೈದು ದಾಟಿದಾಕೆ. ರಾತ್ರಿ ಊಟವಾದ ಮೇಲೆ ಓದಿದ್ದನ್ನೆಲ್ಲ ಹೇಳಿದೆ. ಅಮೆರಿಕ, ಕೆನಡಾ ಎಲ್ಲ ಅವಳಿಗೆ ಕಥೆಯ ಹಾಗೆ. ಆದರೆ ಭುಜ್‌ನ ಸಂಗತಿ ಹೇಳಿದಾಗ ಎದ್ದು ಕುಳಿತಳು.

1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ವಿಮಾನಗಳು ಗುಜರಾತಿನ ಭುಜ್ ವಾಯುನೆಲೆಯ ರನ್‌ವೇ ಮೇಲೆ ಬಾಂಬ್ ಹಾಕಿದವು. ದುರಸ್ತಿಯಾಗದೆ ವಿಮಾನ ಏರುವಂತಿಲ್ಲ, ಕೆಲಸಕ್ಕೆ ಆಳಿಲ್ಲ. ಆಗ ಬಂದವರು ಪಕ್ಕದ ಮಾಧಾಪರ್ ಊರಿನ ಸುಮಾರು 300 ಹೆಂಗಸರು. ಸೈರನ್ ಆದರೆ ಪೊದೆಯೊಳಗೆ ಅಡಗುವುದು, ನಿಂತರೆ ಮತ್ತೆ ಬುಟ್ಟಿ ಹೊರುವುದು. ಮೇಲಿಂದ ಕಾಣದಿರಲಿ ಅಂತ ರನ್‌ವೇಗೆ ಸಗಣಿ ಸಾರಿಸಿದರು. 72 ಗಂಟೆಯಲ್ಲಿ ರನ್‌ವೇ ತಯಾರು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದಲ್ಲಿ, ಬಂಗಾಳ-ಅಸ್ಸಾಂ ಕಡೆ ಗಡಿಬಿಡಿಯಲ್ಲಿ ಕಟ್ಟಿದ ರನ್‌ವೇಗಳಿಗೂ ಕಲ್ಲು ಒಡೆದು ತಲೆಯ ಮೇಲೆ ಹೊತ್ತವರಲ್ಲಿ ಹೆಂಗಸರು ಬಹಳ ಮಂದಿ.

ಅವ್ವ ಕೇಳಿದ್ದು ಒಂದೇ ಮಾತು: "ಕೂಲಿ ಸರಿ ಕೊಟ್ರೇನು?"

ಭುಜ್‌ನವರಿಗೆ ಸರ್ಕಾರ 50,000 ರೂಪಾಯಿ ಬಹುಮಾನ ಕೊಟ್ಟಿತ್ತು, ಅದನ್ನೂ ಅವರು ಊರಿನ ಸಮುದಾಯ ಭವನಕ್ಕೇ ಕೊಟ್ಟರು ಅಂದೆ. "ಹೆಣ್ಮಕ್ಕಳ ಹಣೆಬರಹ" ಅಂತ ನಕ್ಕು ಅವ್ವ ತನ್ನ ಕಥೆ ತೆಗೆದಳು.

ನಾನು ಸಣ್ಣವಳಿದ್ದಾಗ ಅಪ್ಪನ ಕಾಲಿಗೆ ಪೆಟ್ಟಾಗಿ ಎರಡು ವರ್ಷ ಮಲಗಿದ್ದ. ಆಗ ಅವ್ವ ಶಹಾಬಾದ್ ಕಡೆಯ ಖಣಿಗೆ ಫರ್ಸಿ ಹೊರಲು ಹೋದಳು. ಹಿರಿಯರು ಯಾರೂ ಬೇಡ ಅನ್ನಲಿಲ್ಲ, ಮನೆ ನಡೆಯಬೇಕಿತ್ತಲ್ಲ. ಗಂಡಾಳಿಗಿಂತ ಕಡಿಮೆ ಕೂಲಿ. ಹೊರುತ್ತಾ ಹೊರುತ್ತಾ ಅವ್ವ ಕಲ್ಲಿನ ಗುಟ್ಟು ಕಲಿತಳು. ಫರ್ಸಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಬರುವ ದನಿಯ ಮೇಲೆ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದಳಂತೆ. ಅವಳು ಆರಿಸಿಕೊಟ್ಟ ಕಲ್ಲು ಬೇಕು ಅಂತ ಕೇಳಿ ಒಯ್ಯುತ್ತಿದ್ದರಂತೆ. ಅಪ್ಪ ಎದ್ದು ಓಡಾಡಲು ಶುರು ಮಾಡಿದ ವಾರವೇ ದೊಡ್ಡಪ್ಪ ಬಂದು, "ಇನ್ನ ಸಾಕು, ಮನ್ಯಾಗ ಇರು, ಮಂದಿ ಏನಂತಾರ" ಅಂದರು. ಅವ್ವ ಬುಟ್ಟಿ ಕೆಳಗಿಟ್ಟಳು. ಅಪ್ಪನ ಕಾಲು ಪೂರಾ ವಾಸಿಯಾಗಲೇ ಇಲ್ಲ, ಮನೆಯಲ್ಲಿ ಬಡತನ ಹಾಗೇ ಉಳಿಯಿತು.

"ನೀ ಯಾಕ ಹೋಗ್ತೀನಿ ಅನ್ಲಿಲ್ಲವ್ವ?" ಅಂದೆ.

"ಯಾರ್ ಕೇಳಿದ್ರು ನನಗ?" ಅಂದಳು. ಆಮೇಲೆ ಕುಳಿತಲ್ಲೇ ನೆಲದ ಫರ್ಸಿಯನ್ನು ಗೆಣ್ಣಿನಿಂದ ತಟ್ಟಿದಳು. ಬಾಗಿಲ ಹತ್ತಿರದ ಒಂದು ಕಲ್ಲನ್ನು ತೋರಿಸಿ, "ಅದು ಟೊಳ್ಳು ಅದ, ಮಳೆಗಾಲಕ್ಕ ಒಡೀತದ ನೋಡು" ಅಂದಳು. ಇಷ್ಟು ವರ್ಷ ಅವಳು ಹಾಗೆ ತಟ್ಟುವುದನ್ನು ನೋಡಿದ್ದೆ. ಮುದುಕಿಯ ಅಭ್ಯಾಸ ಅಂದುಕೊಂಡಿದ್ದೆ.

"ಮೊಮ್ಮಗಳಿಗೆ ಏನ್ ಹೇಳ್ಲಿ?" ಅಂತ ಕೇಳಿದೆ.

"ಆಕಿಗೆ ಕೆಲಸ ಬರ್ತದೋ ಇಲ್ಲೋ?"

"ಬರ್ತದ."

"ಹಂಗಿದ್ರ ಮಾಡ್ಲಿ ಬಿಡು." ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.

ರಜೆ ಮುಗಿದು ಶಾಲೆ ಶುರುವಾದ ಮೇಲೆ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹತ್ತಿರದ ಕನಗನಹಳ್ಳಿಯ ಸ್ತೂಪಕ್ಕೆ ಹೋಗಿದ್ದೆ. ಪ್ರತಿ ವರ್ಷ ಹೋಗುತ್ತೇವೆ. ಅಶೋಕ ಚಕ್ರವರ್ತಿಯ ಶಿಲ್ಪವಿದೆ, ಕಲ್ಲಿನಲ್ಲೇ ಅವನ ಹೆಸರು ಕೊರೆದಿದ್ದಾರೆ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಸಿಕ್ಕ ಶಾಸನದಲ್ಲಿ, ಯುದ್ಧ ಕಂಡು ನೊಂದ ಆ ರಾಜ ಕಳಿಂಗದಲ್ಲಿ ಬರೆಸಿದ ಮಾತುಗಳೇ ನಮ್ಮೂರಿನಲ್ಲೂ ಇವೆ. ಇದನ್ನು ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ್ದೇನೆ. ಈ ಸಲ ಒಬ್ಬ ಹುಡುಗಿ ಕೇಳಿದಳು, "ಟೀಚರ್, ಬಾಜೂಕ ಚಾಮರ ಹಿಡಿದು ನಿಂತಾರಲ್ಲ, ಅವರ ಹೆಸರೇನು?" ಅವರ ಹೆಸರು ಬರೆದಿಲ್ಲ ಅಂದೆ. "ಯಾಕ?" ಅಂದಳು. ನನಗೆ ಪಿಜಿಯ ನಾಲ್ಕು ಹುಡುಗಿಯರು ನೆನಪಾದರು, ಖಣಿಯಲ್ಲಿ ನಿಂತ ಅವ್ವ ನೆನಪಾದಳು.

ಆ ಸಂಜೆಯೇ ತಮ್ಮನಿಗೆ ಫೋನ್ ಮಾಡಿದೆ. "ಆಳಂದದ ಸಂಬಂಧ ಚೊಲೋ ಅದ, ನೋಡೋಣು. ಆದ್ರ ಹುಡುಗಿ ಕೆಲಸ ಬಿಡಂಗಿಲ್ಲ. ಹುಡುಗನೇ ಬೇಕಾದ್ರ ಬೆಂಗಳೂರಿಗೆ ಬರ್ಲಿ, ಅಲ್ಲಿ ಅವನಿಗೂ ಕೆಲಸ ಸಿಗ್ತದ" ಅಂದೆ. ತಮ್ಮ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಅಕ್ಕಾ, ನಿನಗ ಬೆಂಗಳೂರಿನ ಗಾಳಿ ಹತ್ಯಾದ" ಅಂದ.

ಹತ್ತಿರಬಹುದು. ಆಳಂದದವರು ಇನ್ನೂ ಏನೂ ಹೇಳಿಲ್ಲ.

ಗೆಳತಿಯರೇ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ದುಡಿಮೆಯನ್ನು ಕಷ್ಟ ಬಂದಾಗ ಒಪ್ಪುತ್ತೇವೆ. ಗಂಡ ಮಲಗಿದರೆ, ಸಾಲವಾದರೆ, ಮಳೆ ಹೋದರೆ ಆಗ ಯಾರೂ ಮಂದಿ ಏನಂತಾರೆ ಅನ್ನುವುದಿಲ್ಲ. ಕಷ್ಟ ಕಳೆದ ಮರುದಿನ ಅದೇ ದುಡಿಮೆ ಮರ್ಯಾದೆಗೆ ಕಡಿಮೆಯಾಗುತ್ತದೆ. ಆದರೆ ಕೈಗೆ ಹತ್ತಿದ ವಿದ್ಯೆ ಕಷ್ಟದ ಜೊತೆಗೆ ಹೋಗುವುದಿಲ್ಲ. ನಿಮ್ಮ ಮನೆಯಲ್ಲೂ ನೆಲ ತಟ್ಟುವ ಒಬ್ಬ ಅವ್ವ ಇರಬಹುದು. ಇವತ್ತು ರಾತ್ರಿ ಊಟವಾದ ಮೇಲೆ ಅವಳ ಹತ್ತಿರ ಕೂತು, ಆಗ ನೀನು ಏನು ಕೆಲಸ ಮಾಡುತ್ತಿದ್ದೆ ಅಂತ ಒಮ್ಮೆ ಕೇಳಿ ನೋಡಿ.

ಬಾಗಿಲ ಹತ್ತಿರದ ಆ ಫರ್ಸಿ ಶ್ರಾವಣದಲ್ಲಿ ಒಡೆಯಿತು. ಮಗಳಿಗೆ ಫೋಟೊ ಕಳಿಸಿದೆ. ರಾತ್ರಿ ಪಾಳಿ ಮುಗಿಸಿ ನೋಡಿದಳೇನೋ, ಬೆಳಗಿನ ಆರೂವರೆಗೆ ಉತ್ತರ ಬಂತು: "ಅಮ್ಮನ್ನ ನಮ್ಮ ಕಾರ್ಖಾನಿಗೆ ಕಳಸವ್ವ. ಇಲ್ಲಿ ತಟ್ಟಿ ನೋಡೋರು ಬೇಕಾಗ್ಯಾರ."